ಜೋಡಿ ತಪ್ಪಲೆಯ ಎರಡನೇ ಹಿಡಿ

ಅವತ್ತು ಬೆಳಿಗ್ಗೆ ನಾನು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದೆ. ಒಲೆಯ ಮೇಲೆ ಎಸರು ಆಗಲೇ ಸಣ್ಣಗೆ ಸದ್ದು ಮಾಡುತ್ತಿತ್ತು. ಇನ್ನು ಮೊರದ ಒಂದು ಮೂಲೆಯಷ್ಟು ಆರಿಸಿದರೆ ಮುಗಿಯಿತು ಅನ್ನುವಾಗ ಅಡುಗೆಮನೆಯ ಹೊಸ್ತಿಲ ಆಚೆ ಯಾರೋ ನಿಂತ ಹಾಗಾಯಿತು. ತಲೆಯೆತ್ತಿದರೆ ನನ್ನ ಅತ್ತೆ ದೇವೀರಮ್ಮ. ಸೆರಗನ್ನು ಹಣೆಯವರೆಗೆ ಹೊದ್ದಿದ್ದರು. ಒಂದು ಕೈಯಲ್ಲಿ ಹಿತ್ತಾಳೆ ತಪ್ಪಲೆಯ ಹಿಡಿ, ಇನ್ನೊಂದು ಕೈ ಅದರ ತಳಕ್ಕೆ. ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದರು.

"ನಾನು ಒಳಗ್ ಬರ್ಬೋದಾ?" ಅಂದರು.

ಆ ಅಡುಗೆಮನೆಯನ್ನು ಐವತ್ತೆರಡು ವರ್ಷ ಆಳಿದವರು ಅವರು. ಉಪ್ಪಿನ ಮರಿಗೆ ಎಲ್ಲಿರಬೇಕು, ಸೌದೆ ಯಾವ ಕಡೆಯಿಂದ ಒಲೆಗೆ ಹೋಗಬೇಕು, ಎಲ್ಲ ಅವರು ಹೇಳಿದ ಹಾಗೆ. ನಾನು ಬಂದು ಹತ್ತು ವರ್ಷವಾದರೂ ಒಂದು ಡಬ್ಬಿ ಜಾಗ ಬದಲಿಸುವ ಮುಂಚೆ ಅವರ ಮುಖ ನೋಡುತ್ತಿದ್ದೆ. ಅಂಥವರು ಹೊಸ್ತಿಲಾಚೆ ನಿಂತು, ಹೊಸ ಹುಡುಗಿಯ ದನಿಯಲ್ಲಿ ನನ್ನ ಅಪ್ಪಣೆ ಕೇಳುತ್ತಿದ್ದರು. ಮೊರ ನನ್ನ ಮಡಿಲಿನಿಂದ ಜಾರಿತು. ಆರಿಸಿದ ಅಕ್ಕಿ, ಆರಿಸದ ಅಕ್ಕಿ ಎರಡೂ ಒಂದಾದವು. ತಪ್ಪಲೆ ಹಿಂದಿನ ದಿನ ಸಂಜೆಯಷ್ಟೇ ಹಿಡಿಗಾರರ ಮನೆಯಿಂದ ವಾಪಸು ಬಂದಿತ್ತು. ನಾನು ಎಂಥ ತಪ್ಪು ಮಾಡಿದ್ದೇನೆಂದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ.

ನಮ್ಮೂರಿನಲ್ಲಿ ಏನನ್ನಾದರೂ ಕೈಗೆ ತೆಗೆದುಕೊಳ್ಳುವ ಮುಂಚೆ ಒಂದು ಕ್ಷಣ ನಿಲ್ಲುವುದು ಎಲ್ಲರಿಗೂ ಅಭ್ಯಾಸ. ಹಿಡಿ ಹೇಗೋ ಹಿಡಿದವರ ಮನಸ್ಸು ಹಾಗೆ. ಪಕ್ಕದ ಮನೆಯಲ್ಲಿ ಸೌಟು ಕೇಳಿದರೆ, ಇದರಲ್ಲಿ ಸ್ವಲ್ಪ ಮುನಿಸಿದೆ, ಬಟ್ಟೆ ಸುತ್ತಿಕೊಂಡು ಬಳಸು ಎಂದು ಹೇಳಿಯೇ ಕೊಡುತ್ತಾರೆ. ನನ್ನ ತವರಿನ ಲಟ್ಟಣಿಗೆಯದು ನಗುವಿನ ಹಿಡಿ. ಅಮ್ಮ ಲಟ್ಟಿಸಿದ ಚಪಾತಿ ಒಂದೂ ದುಂಡಗೆ ಬಂದದ್ದಿಲ್ಲ. ಶಾಲೆಯ ಮೇಷ್ಟ್ರ ಬೆತ್ತವನ್ನು ಎತ್ತಿದವರಿಗೆ ತಾವೇ ಚಿಕ್ಕಂದಿನಲ್ಲಿ ತಿಂದ ಏಟು ನೆನಪಾಗುವ ಹಾಗೆ ಅದರ ಬುಡ ಕೆತ್ತಿದ್ದಾರೆ. ಹಾಗಾಗಿ ಅದು ಮೂಲೆಯಲ್ಲಿ ನಿಂತೇ ಇದೆ, ಅದರ ಹಿಂದೆ ಹಲ್ಲಿ ಸಂಸಾರ ಹೂಡಿದೆ. ಕ್ಷೌರದಂಗಡಿಯ ಕುರ್ಚಿಯ ತೋಳುಗಳಲ್ಲಿ ಎಂಥ ನೆಮ್ಮದಿ ಇತ್ತೆಂದರೆ, ಕ್ಷೌರ ಮಾಡಿಸಿಕೊಂಡವರು ಏಳುತ್ತಲೇ ಇರಲಿಲ್ಲ. ಅಂಗಡಿಯವನು ಕೊನೆಗೆ ಅವಕ್ಕೆ ಗೋಣಿ ಸುತ್ತಿ ಹೊಲಿದ. ನಮ್ಮ ಮನೆಯವರದು ಊರಿಗೆ ನೀರು ಬಿಡುವ ಕೆಲಸ. ಅವರ ವಾಲ್ವ್ ಕೀಲಿಯ ಹಿಡಿಯನ್ನು ಹಿಡಿದರೆ ಯಾರೋ ನಮಗಾಗಿ ಕಾಯುತ್ತಿದ್ದಾರೆ ಅನ್ನಿಸುತ್ತದೆ. ನಮ್ಮೂರಿನ ನಲ್ಲಿಗಳಲ್ಲಿ ನೀರು ಒಂದು ದಿನವೂ ತಡವಾಗಿಲ್ಲ. ಇವರು ಮಾತ್ರ ಮನೆಗೆ ಬಂದು ಊಟಕ್ಕೆ ಕೂತರೂ ಬಾಗಿಲ ಕಡೆಗೊಮ್ಮೆ ನೋಡುತ್ತಿರುತ್ತಾರೆ. ಯಾರೂ ಇಲ್ಲ, ಉಣ್ಣಿ, ಅನ್ನುವುದು ನನಗೂ ರೂಢಿಯಾಗಿದೆ.

ಈ ಎಲ್ಲವನ್ನೂ ಮಾಡುವವರು ಹಿಡಿಗಾರ ವೀರಾಚಾರ್ರು. ಅವರಿಗಿಂತ ಮುಂಚೆ ಅವರ ತಂದೆ ಮಾಡುತ್ತಿದ್ದರು. ಅವರ ಲೆಕ್ಕವೆಲ್ಲ ಅಕ್ಕಿಕಾಳಿನಲ್ಲಿ. ಸೌಟಿನ ಕುತ್ತಿಗೆಯಿಂದ ಒಂದು ಅಕ್ಕಿಕಾಳಿನಷ್ಟು ಮರ ಹೆರೆದರೆ ದುಃಖ ಇದ್ದದ್ದು ಮುನಿಸಾಗುತ್ತದೆ, ಇನ್ನೊಂದು ಕಾಳಿನಷ್ಟು ಹೆರೆದರೆ ಮುನಿಸು ಕೂಡ ಹೋಗಿ ಬರೀ ಹಸಿವಾಗುತ್ತದೆ. ಅವರು ಹೆರೆಯುವುದನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಇಷ್ಟು ತೆಳ್ಳನೆಯ ಒಂದು ಸಿಪ್ಪೆ ನೆಲಕ್ಕೆ ಬಿದ್ದರೆ ಮನುಷ್ಯರ ಮನಸ್ಸು ಹೇಗೆ ಬೇರೆಯಾಗುತ್ತದೆ ಎಂದು ಇವತ್ತಿಗೂ ನನಗೆ ಬೆರಗು.

ಆದರೆ ಅವರ ಕೆಲಸಗಳಲ್ಲೆಲ್ಲ ದೊಡ್ಡದು ಜೋಡಿ ತಪ್ಪಲೆ. ಮದುವೆಯಾಗುವ ಪ್ರತಿ ಜೋಡಿಗೂ ಒಂದು. ಹಿತ್ತಾಳೆಯ ತಪ್ಪಲೆಗೆ ಎರಡು ಕಡೆ ಎರಡು ಮರದ ಹಿಡಿ. ಮದುವೆಯ ಹಿಂದಿನ ದಿನ ಹಿಡಿಗಾರರು ಗಂಡಿನ ಮನೆಗೂ ಹೆಣ್ಣಿನ ಮನೆಗೂ ಹೋಗಿ, ಇಬ್ಬರ ಕೈಗೂ ಒಂದೊಂದು ಹಸಿಮಣ್ಣಿನ ಉಂಡೆ ಕೊಡುತ್ತಾರೆ. ಹಿಡಿಗಾರರು ಒಂದು ವೀಳ್ಯದೆಲೆ ಜಗಿದು ಮುಗಿಸುವವರೆಗೆ ಅದನ್ನು ಹಿಡಿದುಕೊಂಡಿರಬೇಕು. ಆ ಅಚ್ಚನ್ನು ಸುಟ್ಟು, ಅದರಂತೆಯೇ ಹಲಸಿನ ಮರದಲ್ಲಿ ಹಿಡಿ ಕೆತ್ತಿ ತಪ್ಪಲೆಗೆ ಕೂರಿಸುತ್ತಾರೆ. ಹೆಣ್ಣು ಗಂಡನ ಮನೆಗೆ ಬಂದ ದಿನದಿಂದ, ಅನ್ನ ಬೆಂದ ಮೇಲೆ ಇಬ್ಬರೂ ಎರಡು ಕಡೆ ಹಿಡಿದು ಗಂಜಿ ಬಸಿದು ತಪ್ಪಲೆಯನ್ನು ಪಡಸಾಲೆಗೆ ತಂದಿಡಬೇಕು. ದಿನವೂ. ಜಗಳವಾಡಿದ ದಿನವೂ. ಹೆಂಡತಿಯ ಹಿಡಿಯನ್ನು ಗಂಡ ಮುಟ್ಟುವುದಿಲ್ಲ, ಗಂಡನದನ್ನು ಹೆಂಡತಿ ಮುಟ್ಟುವುದಿಲ್ಲ. ಹಾಗೆ ಮುಟ್ಟಿದರೆ ಇನ್ನೊಬ್ಬರ ಮನಸ್ಸಿಗೆ ಕೈ ಹಾಕಿದಂತೆ. ಮನೆಯಲ್ಲಿ ಹಿರಿಯರ ತಪ್ಪಲೆ ನಡೆಯುತ್ತಿರುವಾಗ ಕಿರಿಯರದು ಅಟ್ಟದಿಂದ ಇಳಿಯುವಂತಿಲ್ಲ. ನಮ್ಮಿಬ್ಬರದು ಇನ್ನೂ ಅಟ್ಟದ ಮೇಲೆ, ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಕೂತಿದೆ.

ಅತ್ತೆ, ಮಾವ ತಪ್ಪಲೆ ತರುವುದನ್ನು ನೋಡುವುದೇ ಒಂದು ಚಂದವಾಗಿತ್ತು. ಮಾವ ಚೆಲುವಯ್ಯ ಛತ್ರಿ ರಿಪೇರಿ ಮಾಡುತ್ತಿದ್ದರು. ಮಾತು ಕಡಿಮೆ. ಅಡುಗೆಮನೆಯಿಂದ ಪಡಸಾಲೆಗೆ ಎಂಟು ಹೆಜ್ಜೆ. ಆ ಎಂಟು ಹೆಜ್ಜೆಯಲ್ಲಿ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ, ತಪ್ಪಲೆ ಮಾತ್ರ ನೀರಿನ ಮೇಲೆ ತೇಲಿಬಂದ ಹಾಗೆ ಬರುತ್ತಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಗೊತ್ತಿಲ್ಲದೆ, ಒಂದು ಸಲ ಅತ್ತೆಯ ಹಿಡಿಯನ್ನು ಹಿಡಿದುಬಿಟ್ಟಿದ್ದೆ. ತಿಕ್ಕುವಾಗ ಬೂದಿ ಮೆತ್ತಿದ ಕೈಗೆ ಏನೂ ತಿಳಿಯುವುದಿಲ್ಲ. ಅವತ್ತು ಒಣ ಕೈ. ಅಷ್ಟು ವರ್ಷ ಅತ್ತೆಯ ಅಂಗೈ ತಾಗಿ ತಾಗಿ ಮರ ಸವೆದು, ನದಿಯ ಕಲ್ಲಿನ ಹಾಗೆ ನುಣ್ಣಗಾಗಿತ್ತು. ಅದರಿಂದ ಬಂದದ್ದಕ್ಕೆ ನನ್ನ ಹತ್ತಿರ ಹೆಸರಿಲ್ಲ. ಅದು ಸಂತೋಷವಲ್ಲ, ನೆಮ್ಮದಿಯೂ ಅಲ್ಲ. ಒಂದು ಕೋಣೆಯಲ್ಲಿ ಇಬ್ಬರು ಸುಮ್ಮನೆ ಕೂತಿದ್ದಾರೆ, ಇಬ್ಬರಿಗೂ ಆ ಮೌನ ಮುರಿಯಬೇಕೆಂದು ಅನ್ನಿಸುತ್ತಿಲ್ಲ, ಅಂಥದ್ದೇನೋ. ನಾನು ತಪ್ಪಲೆಯನ್ನು ಅಲ್ಲೇ ಇಟ್ಟು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ. ಬೇರೆಯವರ ಮನೆಯ ಕಿಟಕಿಯಿಂದ ದೀಪ ನೋಡಿದ ಹಾಗಾಗಿತ್ತು.

ಯಾರಾದರೂ ತೀರಿಕೊಂಡರೆ, ಹನ್ನೊಂದನೆಯ ದಿನ, ಅವರು ಹಿಡಿದು ಸವೆಸಿದ ವಸ್ತುಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಹಿಡಿಗಾರರಿಗೆ ಕೊಡಬೇಕು. ಅವರು ಸವೆದ ಹಿಡಿಗಳನ್ನು ಬಿಚ್ಚಿ ಒಲೆಗೆ ಹಾಕಿ, ಮೊದಲಿದ್ದಂತೆಯೇ ಹೊಸದು ಮಾಡಿ ಕೂರಿಸುತ್ತಾರೆ. ಹೋದವರ ಮನಸ್ಸು ಇದ್ದವರ ಕೈಗೆ ಅಂಟಬಾರದು ಎಂದು. ಮಾವ ಎಂಟು ದಿನದ ಜ್ವರದಲ್ಲಿ ಹೋದರು. ಹನ್ನೊಂದನೆಯ ದಿನ ಮನೆ ತುಂಬ ನೆಂಟರು, ಮೂರು ಒಲೆ, ನೀರಿಗೆ ಓಡಾಟ. ನಾನು ಬುಟ್ಟಿ ತುಂಬಿದೆ. ಅವರ ಛತ್ರಿ, ಇಕ್ಕಳ, ಊರುಗೋಲು, ಕ್ಷೌರದ ಕತ್ತಿ. ಅವುಗಳ ಪಕ್ಕದಲ್ಲೇ ತಪ್ಪಲೆ ಇತ್ತು. ಅದನ್ನೂ ಇಟ್ಟೆ.

ಜೋಡಿ ತಪ್ಪಲೆ ಮಾತ್ರ ಹೋಗಬಾರದು. ಇಬ್ಬರಲ್ಲಿ ಒಬ್ಬರು ಇರುವವರೆಗೆ ಅದು ಇದ್ದ ಹಾಗೆಯೇ ಇರಬೇಕು. ಇದು ಊರಿಗೆಲ್ಲ ಗೊತ್ತಿರುವ ಮಾತು. ನನಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಕೈಗೆ ನೆನಪಿರುವುದು ಬೇರೆ. ನನ್ನ ತವರಿನಲ್ಲಿ ಇನ್ನೂ ಯಾರೂ ತೀರಿಕೊಂಡಿರಲಿಲ್ಲ. ನಾನು ಬುಟ್ಟಿ ತುಂಬಿದ್ದು ಅದೇ ಮೊದಲು.

ಬುಟ್ಟಿಯ ಒಂದು ಕಡೆ ನಾನು ಹಿಡಿದಿದ್ದೆ, ಇನ್ನೊಂದು ಕಡೆ ನನ್ನ ಮಗಳು ಸೇವಂತಿ. ಅವಳಿಗೆ ಎಂಟು ವರ್ಷ. ದಿನಕ್ಕೆ ನೂರು ಪ್ರಶ್ನೆ ಕೇಳುವ ಹುಡುಗಿ. ಬೆಕ್ಕಿನ ಬಾಲ ಹಿಡಿದರೆ ನಮಗೆ ಏನನ್ನಿಸುತ್ತೆ, ಬೆಕ್ಕಿಗೆ ಏನನ್ನಿಸುತ್ತೆ, ಹಿಡಿಗಾರರ ಉಳಿಗೆ ಹಿಡಿ ಮಾಡಿದ್ದು ಯಾರು, ಕೈಯೇ ಇಲ್ಲದ ಹಾವಿಗೆ ಏನೂ ಅನ್ನಿಸೋದೇ ಇಲ್ವಾ. ಅವಳ ಪ್ರಶ್ನೆಗಳಿಗೆಲ್ಲ ತಾತ ಛತ್ರಿಯ ಕಡ್ಡಿ ಬಗ್ಗಿಸುತ್ತಾ, ಹೌದಲ್ವಾ, ನೋಡಬೇಕು, ಅನ್ನುತ್ತಿದ್ದರು. ಅವತ್ತು ಹಿಡಿಗಾರರ ಬಾಗಿಲಲ್ಲಿ ಬುಟ್ಟಿ ಇಳಿಸುವಾಗ ಅವಳು ತಪ್ಪಲೆಯನ್ನು ನೋಡಿ, ನನ್ನನ್ನು ನೋಡಿ, ಬಾಯಿ ತೆರೆದಳು. ನನಗೆ ಮನೆಯಲ್ಲಿ ಹುಳಿಗೆ ಬೇಳೆ ಬೇಯುವ ಯೋಚನೆ. ಈಗ ಪ್ರಶ್ನೆ ಬೇಡ ಮಗಾ, ಹೊತ್ತಾಯ್ತು, ಅಂದೆ. ಅವಳು ಬಾಯಿ ಮುಚ್ಚಿದಳು. ಅವತ್ತಿನಿಂದ ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ತಪ್ಪಲೆ ವಾಪಸು ಬಂದದ್ದು ಹೊಸ ಹಿಡಿಗಳೊಂದಿಗೆ. ಅತ್ತೆಯ ಹಿಡಿ ಮತ್ತೆ ಅವರ ಮದುವೆಯ ಹಿಂದಿನ ದಿನದ್ದಾಗಿತ್ತು. ಹದಿನೆಂಟು ವರ್ಷದ ಹುಡುಗಿ ನಾಳೆ ಯಾರದೋ ಮನೆಗೆ ಹೋಗಬೇಕೆಂದು ಮಣ್ಣಿನುಂಡೆಯನ್ನು ಅಮುಕಿ ಹಿಡಿದಾಗಿನ ಭಯ ಅದರಲ್ಲಿತ್ತು. ಎಪ್ಪತ್ತು ವರ್ಷದ ಅತ್ತೆ ಅದನ್ನು ಹಿಡಿದ ತಕ್ಷಣ, ತಮ್ಮ ಮನೆಯೇ ಅವರಿಗೆ ಬೇರೆಯವರ ಮನೆಯಾಯಿತು. ಅವರ ಬುದ್ಧಿಗೆ ಏನೂ ಆಗಿರಲಿಲ್ಲ. ನನ್ನ ಹೆಸರು, ಹಾಲಿನವಳ ಬಾಕಿ, ಎಲ್ಲ ನೆನಪಿತ್ತು. ನಂಗೊತ್ತು ಕಣೆ ಇಂದ್ರಾಣಿ ಇದು ನನ್ನ ಮನೇನೇ ಅಂತ, ಆದ್ರೆ ಕಾಲು ಒಳಗಿಡಕ್ಕೆ ಬರ್ತಿಲ್ಲ, ಅನ್ನುತ್ತಿದ್ದರು. ಸಂಕೋಚದಲ್ಲಿ ಗೋಡೆಯ ಪಕ್ಕಕ್ಕೆ ಸರಿದು ಕೂರುತ್ತಿದ್ದರು. ತಟ್ಟೆ ಮುಂದಿಟ್ಟರೆ, ಹೊಸ ಸೊಸೆ ಮೊದಲ ದಿನ ಮಾಡುವ ಹಾಗೆ, ಎರಡು ಅಗುಳು ಬಾಯಿಗಿಟ್ಟು, ಸಾಕು, ಹೊಟ್ಟೆ ತುಂಬಿದೆ, ಅನ್ನುತ್ತಿದ್ದರು.

ಹಾಗಾದರೆ ಅದನ್ನು ಹಿಡಿಯುವುದೇ ಬೇಡ ಅನ್ನಬಹುದು. ನಾವೂ ಅಂದೆವು. ಅವರು ಕೇಳಲಿಲ್ಲ. ಹಗಲೆಲ್ಲ ತಪ್ಪಲೆಯನ್ನು ಮಡಿಲಲ್ಲಿಟ್ಟುಕೊಂಡು ಹಿಡಿಯ ಮೇಲೆ ಕೈ ಉಜ್ಜುತ್ತಾ ಕೂತಿರುತ್ತಿದ್ದರು. ಉಜ್ಜಿದರೆ ಹಳೆಯದು ಬಂದೀತು ಎಂದು. ಒಂದು ದಿನ ನಮ್ಮ ಮನೆಯವರು ಅದನ್ನು ಅಟ್ಟಕ್ಕೆ ಹಾಕಿದರು. ಅವತ್ತು ಅತ್ತೆ ಆ ಎರಡು ಅಗುಳನ್ನೂ ತಿನ್ನಲಿಲ್ಲ, ಮನೆಯೆಲ್ಲ ಹುಡುಕಿದರು. ಸಂಜೆ ನಮ್ಮ ಮನೆಯವರೇ ಇಳಿಸಿ ಕೊಟ್ಟರು. ಅತ್ತೆ ಅದನ್ನು ತಟ್ಟಿ ನೋಡಿ ನಕ್ಕರು. "ಇದು ಸವೆಯಕ್ಕೆ ಇನ್ನೂ ಐವತ್ತೆರಡು ವರ್ಷ ಬೇಕು ಕಣೋ. ಅಷ್ಟು ಪುರುಸೊತ್ತು ನಂಗೆಲ್ಲಿದೆ?"

ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಕೆಲಸವನ್ನು ಪಕ್ಕದ ಮನೆಯ ಸಾವಂತ್ರಮ್ಮ ಮಾಡಿದರು. ಮಜ್ಜಿಗೆ ಕೇಳುವ ನೆಪದಲ್ಲಿ ಬಂದು, ಅತ್ತೆಯನ್ನು ನೋಡಿ, ನಿಮ್ಮ ತವರಿನಲ್ಲಿ ಜೋಡಿ ತಪ್ಪಲೆ ಇರಲಿಲ್ವಾ, ಅನ್ನವನ್ನು ಮಡಕೆಯಲ್ಲಿ ಮಾಡ್ತಿದ್ರೇನಮ್ಮ, ಎಂದು ಕೇಳಿ ಹೋದರು. ನಾನು ಮಜ್ಜಿಗೆ ಕೊಟ್ಟು ಕಳಿಸಿದೆ. ಅತ್ತೆಯ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಕಾಂಪೌಂಡರು ಬಂದು ನಾಡಿ ನೋಡಿ, ಹೊಟ್ಟೆಯಲ್ಲಿ ದೋಷ ಏನೂ ಇಲ್ಲ, ಆದರೆ ಹೀಗೇ ಬಿಟ್ಟರೆ ಇನ್ನೊಂದು ತಿಂಗಳು ತಡೆಯಲಾರರು ಎಂದು ಬಾಗಿಲ ಹೊರಗೆ ಹೇಳಿದರು.

ಮಧ್ಯಾಹ್ನದ ಅನ್ನದ ತಪ್ಪಲೆಯನ್ನು ತರಲು ಅತ್ತೆಗೆ ಜೊತೆ ಬೇಕಾಗುತ್ತಿತ್ತು. ಮಾವನ ಕಡೆಯನ್ನು ನಾನು ಹಿಡಿಯುತ್ತಿದ್ದೆ. ಮಸಿಬಟ್ಟೆ ದಪ್ಪಗೆ ಮಡಿಸಿ ಅದರೊಳಗಿಂದ ಹಿಡಿಯುತ್ತಿದ್ದೆ. ಮರದ ಹಿಡಿ ಸುಡುವುದಿಲ್ಲ. ಆದರೂ ಬರಿಗೈಯಲ್ಲಿ ಅದನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ. ಅಲ್ಲಿ ಏನಿದೆಯೋ, ಅದು ನನ್ನನ್ನು ಕ್ಷಮಿಸುತ್ತದೋ ಇಲ್ಲವೋ.

ಹತ್ತನೆಯ ದಿನ ವೀರಾಚಾರ್ರ ಹತ್ತಿರ ಹೋದೆ. ಸೇವಂತಿಯೂ ಬಂದಳು. ಅವರು ನನ್ನ ಮಾತನ್ನೆಲ್ಲ ಕೇಳಿ, ಒಳಗೆ ಕರೆದುಕೊಂಡು ಹೋದರು. ಹಿಂದಿನ ಕೋಣೆಗೆ ನಾನು ಯಾವತ್ತೂ ಹೋಗಿರಲಿಲ್ಲ. ನೆಲದಿಂದ ಹೆಂಚಿನವರೆಗೆ ಹಲಗೆಗಳು, ಹಲಗೆಗಳ ಮೇಲೆಲ್ಲ ಸುಟ್ಟ ಮಣ್ಣಿನ ಅಚ್ಚುಗಳು, ಎರಡೆರಡನ್ನು ದಾರದಲ್ಲಿ ಕಟ್ಟಿ ಇಟ್ಟದ್ದು. ಊರಿನ ಅಷ್ಟೂ ಗಂಡಹೆಂಡಿರು, ಸತ್ತವರು, ಇರುವವರು, ಅವರೆಲ್ಲರ ಮದುವೆಯ ಹಿಂದಿನ ದಿನ ಅಲ್ಲಿ ಬೆರಳು ಮಡಚಿಕೊಂಡು ಕೂತಿತ್ತು. ಕೆಲವು ಮುಷ್ಟಿ ಸಡಿಲ, ಕೆಲವು ಬಿಗಿ. ಒಂದರಲ್ಲಿ ಉಗುರು ಮಣ್ಣಿನೊಳಗೆ ಇಳಿದಿತ್ತು. ಒಂದರಲ್ಲಿ ಕಿರುಬೆರಳು ಮಾತ್ರ ಮೇಲೆದ್ದು, ಯಾರೋ ತಮಾಷೆ ಮಾಡಿದಾಗ ನಕ್ಕ ಹಾಗಿತ್ತು. ನನ್ನದೂ ಇವರದೂ ಅಲ್ಲೇ ಎಲ್ಲೋ ಇರಬೇಕು. ಹುಡುಕಲು ಹೆದರಿಕೆಯಾಯಿತು. ಸೇವಂತಿ ಕತ್ತೆತ್ತಿಕೊಂಡು ಒಂದೊಂದನ್ನೇ ನೋಡುತ್ತಾ ಬಾಗಿಲಲ್ಲೇ ನಿಂತಿದ್ದಳು.

ಆಚಾರ್ರು ಅತ್ತೆ, ಮಾವರ ಅಚ್ಚು ತೆಗೆದು ನನ್ನ ಮುಂದೆ ಇಟ್ಟರು. ಅವರ ತಂದೆ ತೆಗೆದದ್ದು. ಎರಡರಲ್ಲೂ ಹೆಬ್ಬೆರಳು ಹೊರಗಿರಲಿಲ್ಲ, ಉಳಿದ ನಾಲ್ಕು ಬೆರಳುಗಳ ಕೆಳಗೆ ಮಡಚಿ ಅಡಗಿತ್ತು. ಅದನ್ನು ನಾನು ನೋಡಿದೆ. ನೋಡಿಯೂ ಏನೂ ತಿಳಿದುಕೊಳ್ಳಲಿಲ್ಲ.

ಇದರಲ್ಲಿ ಏನೇನಿದೆ ಎಂದು ಕೇಳಿದೆ. ಅವರು ಅಂಗೈ ತೋರಿಸಿದರು. ಅರ ಉಜ್ಜಿ ಉಜ್ಜಿ ಅದು ಚರ್ಮವಾಗಿರದೆ ಚಕ್ಕೆಯಾಗಿತ್ತು. ತನಗೆ ಏನು ಹಿಡಿದರೂ ಏನೂ ಆಗುವುದಿಲ್ಲ, ತಾನು ಬರೀ ಆಕಾರ ನೋಡಿ ಆಕಾರ ಮಾಡುವವನು ಎಂದರು. ಗೊತ್ತಿದ್ದರೂ ಹೇಳಬಾರದು, ಹಿಡಿಯುವವರೇ ತಿಳಿಯಬೇಕು, ಅದು ತಮ್ಮ ಕಸುಬಿನ ಕಟ್ಟು ಎಂದರು. ಬುಟ್ಟಿಯಲ್ಲಿ ಬಂದದ್ದನ್ನು ಯಾಕೆ ಎಂದು ಕೇಳುವುದೂ ಆ ಕಟ್ಟಿನಲ್ಲಿಲ್ಲ, ಹಳೆಯ ಹಿಡಿಗಳನ್ನು ಅವತ್ತೇ ಒಲೆಗೆ ಹಾಕಿಯಾಗಿತ್ತು. ಸವೆದದ್ದನ್ನು ನೆನಪಿನಿಂದ ಹಾಗೇ ಮಾಡಿಕೊಡಿ, ಎಷ್ಟು ಅಕ್ಕಿಕಾಳು ಹೆರೆಯಬೇಕೋ ಹೆರೆಯಿರಿ ಎಂದು ನಾನು ಕೈಮುಗಿದೆ. ಅವರು ಆ ಎರಡು ಅಚ್ಚುಗಳನ್ನು ಮತ್ತೆ ದಾರದಲ್ಲಿ ಕಟ್ಟಿದರು.

"ಅದು ನನ್ ಕೈಲಾಗೋ ಕೆಲಸ ಅಲ್ಲ ತಾಯಿ. ನಾವು ಮಾಡಿಕೊಡೋದು ಮೊದಲನೇ ದಿನ ಅಷ್ಟೇ. ಮಿಕ್ಕಿದ್ದೆಲ್ಲ ಹಿಡ್ಕೊಂಡೋರು ಮಾಡಿದ್ದು."

ದಾರಿಯಲ್ಲಿ ಸೇವಂತಿ ಏನಾದರೂ ಕೇಳುತ್ತಾಳೆಂದು ಕಾದೆ. ತಾತ ಎಲ್ಲಿಗೆ ಹೋದ, ಮತ್ತೆ ಬರುತ್ತಾನಾ, ಅಜ್ಜಿಯೂ ಹೋಗುತ್ತಾಳಾ. ಇವಕ್ಕೆಲ್ಲ ನಾನು ಪಾತ್ರೆ ತೊಳೆಯುತ್ತಾ, ಬಟ್ಟೆ ಹಿಂಡುತ್ತಾ ಉತ್ತರ ಹೊಂದಿಸಿಕೊಂಡಿದ್ದೆ. ಅವಳು ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡು, ದಾರಿಯ ಎರಡೂ ಬದಿಯ ಬಾಗಿಲುಗಳ ಹಿಡಿಗಳನ್ನು ನೋಡುತ್ತಾ ನಡೆದಳು. ಒಂದು ಸಲ ಮಕ್ಕಳ ಬಾಯಿ ಮುಚ್ಚಿಸುವುದು ಎಷ್ಟು ಸುಲಭ, ತೆರೆಸುವುದು ಎಷ್ಟು ಕಷ್ಟ.

ಆ ಮಧ್ಯಾಹ್ನ ಅತ್ತೆಗೆ ತಲೆ ಬಾಚುತ್ತಿದ್ದೆ. ಮಡಿಲಲ್ಲಿ ತಪ್ಪಲೆ ಇತ್ತು. ಸೇವಂತಿ ಎದುರಿಗೆ ಕೂತು ಹೂವಿನ ದಾರ ಬಿಡಿಸುತ್ತಿದ್ದಳು. ಅತ್ತೆ ತಾವಾಗಿಯೇ ಆ ಮೊದಲ ದಿನದ ಕಥೆ ಹೇಳಿದರು. ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾದ ಕಥೆ. ಈ ಮನ್ಲಿ ನಂಗೆ ಒಬ್ಬರ ಮುಖಾನೂ ಗೊತ್ತಿರ್ಲಿಲ್ಲ ಕಣೆ, ಅಂದರು. ಅವರ ಅತ್ತೆ, ಮಾವ ಆಗಲೇ ತೀರಿಕೊಂಡಿದ್ದರಿಂದ ಮೊದಲ ದಿನವೇ ಇವರ ತಪ್ಪಲೆ ಒಲೆಗೇರಿತ್ತು. ಪಡಸಾಲೆಯ ತುಂಬ ನೆಂಟರು ಎಲೆ ಹಾಕಿಕೊಂಡು ಕಾಯುತ್ತಿದ್ದರು. ಅತ್ತೆ ತಪ್ಪಲೆಗೆ ಕೈ ಹಾಕಿದ ಕೂಡಲೇ ಮೈಯೆಲ್ಲ ನಡುಕ. ಹೊಸ್ತಿಲ ಹತ್ತಿರ ಬರುವಾಗ ತಪ್ಪಲೆ ಅಲ್ಲಾಡಿ, ಮೊದಲ ಅನ್ನ ನೆಲಕ್ಕೆ ಚೆಲ್ಲಿತು. ಹೊಸ ಸೊಸೆಗೆ ಕೈಯಲ್ಲಿ ಹಿಡಿತ ಇಲ್ಲ ಎಂದು ಗಂಡನ ಚಿಕ್ಕಮ್ಮಂದಿರು, ನಾದಿನಿಯರು ಎಲ್ಲರೂ ಅಂದರು. ಮಾವ ಮಾತ್ರ ಕಂಬದ ಹಾಗೆ ನಿಂತಿದ್ದರಂತೆ. ಅತ್ತೆಯ ಕಡೆ ನೋಡಲೂ ಇಲ್ಲ, ಹೋಗಲಿ ಬಿಡಿ ಎಂದು ಒಂದು ಮಾತೂ ಆಡಲಿಲ್ಲ. ಮಾವ ಇದ್ದಾಗ ಅತ್ತೆ ಇದನ್ನು ಹಂಗಿಸಲು ಹೇಳುತ್ತಿದ್ದರು. ಕಂಬಕ್ಕಾದ್ರೂ ಸೊಳ್ಳೆ ಕಚ್ಚಿದ್ರೆ ಅಲ್ಲಾಡ್ತಿತ್ತು, ಅನ್ನುತ್ತಿದ್ದರು. ಮಾವ ತಲೆ ತಗ್ಗಿಸಿ ಛತ್ರಿಯ ಬಟ್ಟೆ ಹೊಲಿಯುತ್ತಾ ಮುಗುಳ್ನಗುತ್ತಿದ್ದರು. ಉತ್ತರ ಹೇಳಿದ್ದನ್ನು ನಾವು ಯಾರೂ ಕೇಳಿಲ್ಲ.

ಈ ಸಲ ಅತ್ತೆ ನಗಿಸಲು ಹೇಳಲಿಲ್ಲ. "ಅದೊಂದು ಉಳ್ಕೊಂಬಿಡ್ತು ನೋಡು. ಆಮೇಲೆ ಚೆನ್ನಾಗಿ ನೋಡ್ಕೊಂಡ, ಇಲ್ಲ ಅನ್ನಲ್ಲ. ಆದ್ರೆ ಅವತ್ತು ಈ ಮನ್ಲಿ ಹೆದರ್ಕೊಂಡು ನಿಂತಿದ್ದೋಳು ನಾನೊಬ್ಳೇ. ಈಗ ಇದನ್ನ ಹಿಡ್ಕೊಂಡ್ರೆ ದಿನಾ ಅದೇ. ನಾನೊಬ್ಳೇ." ಅಷ್ಟು ಹೇಳಿ ಹಿಡಿಯನ್ನು ಮತ್ತೆ ಉಜ್ಜತೊಡಗಿದರು. ನಾನು ಜಡೆಯ ತುದಿಗೆ ಗಂಟು ಹಾಕಿದೆ. ಸೇವಂತಿಯ ಕೈಯಲ್ಲಿ ದಾರ ನಿಂತುಹೋಗಿತ್ತು.

ಅದಾದ ನಾಲ್ಕನೆಯ ದಿನ ಭಾನುವಾರ. ಶಾಲೆ ಇರಲಿಲ್ಲ. ನಮ್ಮ ಮನೆಯವರು ಮೇಲಿನ ಬೀದಿಯ ವಾಲ್ವ್ ತೆರೆಯಲು ಹೋದವರು ಊಟಕ್ಕೆ ಬಂದು ಪಡಸಾಲೆಯಲ್ಲಿ ಕೂತು, ಎಂದಿನಂತೆ ಬಾಗಿಲು ನೋಡುತ್ತಿದ್ದರು. ಅನ್ನ ಬೆಂದಿತ್ತು. ನಾನೂ ಅತ್ತೆಯೂ ಗಂಜಿ ಬಸಿದು ತಪ್ಪಲೆಯನ್ನು ಕಟ್ಟೆಯ ಮೇಲಿಟ್ಟೆವು. ಮಸಿಬಟ್ಟೆ ಗಂಜಿಯಲ್ಲಿ ತೊಯ್ದಿತ್ತು. ಬೇರೆ ಬಟ್ಟೆ ತರಲೆಂದು ಹಿತ್ತಲಿನ ತಂತಿಗೆ ಹೋದೆ. ವಾಪಸು ಬರುವಷ್ಟರಲ್ಲಿ ಸೇವಂತಿ ಬಂದು, ಕಟ್ಟೆಯ ಪಕ್ಕ ತಾತ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ತಾತನ ಹಿಡಿಗೆ ಕೈ ಹಾಕಿದ್ದಳು. ಬರಿಗೈ. ಗಂಡನ ಹಿಡಿಯನ್ನು ಹೆಂಡತಿ ಮುಟ್ಟಬಾರದು, ಸೊಸೆಗೆ ಧೈರ್ಯವಿಲ್ಲ, ಮೊಮ್ಮಗಳಿಗೆ ಯಾರೂ ಏನೂ ಹೇಳಿರಲಿಲ್ಲ.

ಬೇಡ ಎಂದು ಕೂಗುವ ಮಾತು ನನ್ನ ಗಂಟಲಿಗೆ ಬಂದಿತ್ತು. ಒಂದು ಸಲ ಅವಳ ಬಾಯಿ ಮುಚ್ಚಿಸಿದ್ದು ನೆನಪಾಯಿತು. ಬಟ್ಟೆಯನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತೆ.

ಅವರಿಬ್ಬರೂ ತಪ್ಪಲೆ ಎತ್ತಿದರು. ಮೊದಲ ಹೆಜ್ಜೆಗೆ ಸೇವಂತಿಯ ಮುಖ ಬದಲಾಯಿತು. ಬಣ್ಣ ಇಳಿಯಿತು, ಕಣ್ಣು ದೊಡ್ಡದಾಯಿತು. ಅವಳ ಹೆಬ್ಬೆರಳು ಮರದ ಮೇಲೆ ಸ್ವಲ್ಪ ತಡಕಾಡಿ, ಅಲ್ಲಿ ತನಗಾಗಿಯೇ ಇದ್ದ ಒಂದು ಗುಳಿಯನ್ನು ಕಂಡುಕೊಂಡು, ನಾಲ್ಕು ಬೆರಳುಗಳ ಕೆಳಗೆ ಹೋಗಿ ಅಡಗಿಕೊಂಡಿತು. ನನಗೆ ಹಿಡಿಗಾರರ ಕೋಣೆಯ ಆ ಎರಡು ಅಚ್ಚುಗಳು ಕಣ್ಣಿಗೆ ಕಟ್ಟಿದವು. ಐವತ್ತೆರಡು ವರ್ಷದ ಹಿಂದೆ, ಬೇರೆ ಬೇರೆ ಮನೆಯಲ್ಲಿ, ಒಬ್ಬರನ್ನೊಬ್ಬರು ಕಾಣದೆ, ಒಂದೇ ಥರ ಮಡಚಿದ ಎರಡು ಹೆಬ್ಬೆರಳು. ಸುಟ್ಟ ಮಣ್ಣಿನ ಅಚ್ಚೊಂದು ಇಷ್ಟು ಸಣ್ಣ ಗುಳಿಯಲ್ಲಿ ಇಷ್ಟು ವರ್ಷ ಒಬ್ಬ ಮನುಷ್ಯನನ್ನು ಬಚ್ಚಿಟ್ಟುಕೊಂಡಿತ್ತು.

ಮೂರನೆಯ ಹೆಜ್ಜೆಗೆ ತಪ್ಪಲೆ ನಡುಗತೊಡಗಿತು. ಐದನೆಯದಕ್ಕೆ ಹೊಸ್ತಿಲು. ಅಲ್ಲಿ ಅದು ವಾಲಿ ಒಂದಿಷ್ಟು ಅನ್ನ ನೆಲಕ್ಕೆ ಚೆಲ್ಲಿತು, ಅತ್ತೆಯ ಪಾದದ ಹತ್ತಿರ. ಅತ್ತೆ ನಿಂತರು. ಮೊದಲು ನೆಲ ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು. ಮಗು ಎಲ್ಲಿ ಬಿಟ್ಟುಬಿಡುತ್ತದೋ ಎಂದು ಅವರು ಬಿಗಿಯಾಗಿ ಹಿಡಿದಿದ್ದರು, ಅವರ ಕೈ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ನಡುಕ ಆಚೆ ಕಡೆಯಿಂದ ಬರುತ್ತಿತ್ತು.

ಆಮೇಲೆ ಆದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಒಲೆಯ ಮೇಲೆ ಹಾಲಿಟ್ಟಿದ್ದೇನೆ, ಉಕ್ಕುವುದರೊಳಗೆ ಮುಗಿಸಬೇಕು, ಮತ್ತೆ ಸೇವಂತಿ ಅವತ್ತು ಆಡಿದ ಮಾತಾದ ಮೇಲೆ ಇನ್ನೇನನ್ನೂ ಬರೆಯಲು ನನಗೆ ಇಷ್ಟವಿಲ್ಲ. ಅವತ್ತು ಅತ್ತೆ ಎರಡು ಸಲ ಅನ್ನ ಹಾಕಿಸಿಕೊಂಡರು. ಹುಳಿಗೆ ಉಪ್ಪು ಜಾಸ್ತಿಯಾಗಿದೆ ಎಂದು ನನ್ನನ್ನು ಬೈದರು. ಹದಿನೈದು ದಿನದಲ್ಲಿ ಮೊದಲ ಬೈಗುಳ. ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಊಟವಾದ ಮೇಲೆ ಮಾವನ ಛತ್ರಿ ನೇತುಹಾಕಿದ ಗೂಟದ ಎದುರು ಕೂತು, ಅಷ್ಟು ವರ್ಷ ಬಾಯಿ ಬಿಡ್ಲೇ ಇಲ್ವಲ್ಲ ನೀನು, ಎಂದು ಬಹಳ ಹೊತ್ತು ಒಬ್ಬರೇ ನಗುತ್ತಿದ್ದರು. ಈಗ ದಿನಾ ಮಧ್ಯಾಹ್ನ ಅಜ್ಜಿ, ಮೊಮ್ಮಗಳು ತಪ್ಪಲೆ ತರುತ್ತಾರೆ. ಶಾಲೆ ಇದ್ದ ದಿನ ಅವಳು ಬರುವವರೆಗೆ ಊಟ ತಡ, ನಮ್ಮ ಮನೆಯವರಿಗೆ ಬಾಗಿಲು ನೋಡಲು ಒಂದು ಕಾರಣವಾಯಿತು. ಅತ್ತೆ ಇವತ್ತಿಗೂ ಹಿಡಿಯನ್ನು ಹಿಡಿದಾಗ ಸೆರಗು ಹೊದೆಯುತ್ತಾರೆ. ಭಯ ಇದ್ದೇ ಇದೆ, ಮರ ಅಷ್ಟು ಬೇಗ ಸವೆಯುವುದಿಲ್ಲ. ಆದರೆ ಒಳಗೆ ಬರಲು ನನ್ನನ್ನು ಕೇಳುವುದಿಲ್ಲ.

ಆ ಭಾನುವಾರ ಹೊಸ್ತಿಲ ಮೇಲೆ ಇನ್ನೂ ಅವರಿಬ್ಬರೂ ತಪ್ಪಲೆ ಹಿಡಿದು ನಿಂತೇ ಇದ್ದರು. ಅನ್ನದ ಹಬೆ ಅವರ ನಡುವೆ ಏಳುತ್ತಿತ್ತು. ನಮ್ಮ ಮನೆಯವರು ಊಟದ ಎಲೆಯ ಮುಂದೆ ಎದ್ದು ನಿಂತಿದ್ದರು. ಸೇವಂತಿ ಹಿಡಿಯನ್ನು ಬಿಡಲಿಲ್ಲ. ತುಟಿ ನಡುಗುತ್ತಿದ್ದರೂ ಬಿಡಲಿಲ್ಲ. ನನ್ನ ಕಡೆ ಒಂದು ಸಲ ನೋಡಿದಳು, ಕೇಳಲಾ ಅನ್ನುವ ಹಾಗೆ. ನಾನು ತಲೆಯಾಡಿಸಿದೆ. ಅವಳು ಅಜ್ಜಿಯ ಮುಖವನ್ನೇ ನೋಡುತ್ತಾ, ಗಟ್ಟಿಯಾಗಿ, ನಮಗೆಲ್ಲ ಕೇಳುವ ಹಾಗೆ ಕೇಳಿದಳು.

"ಅಜ್ಜಿ, ಅವತ್ತು ನಡುಗ್ತಿದ್ದಿದ್ದು ತಾತಾನಾ?"